ತಿರುಗಾಟ ಬೇಡ, ತಾರೀಖು ಕೊಡಿ

'ಮಲೆಗಳಲ್ಲಿ ಮದುಮಗಳು' ನಾಟಕ ಪುಣೆಗೆ ಬರಬೇಕೋ ಬೇಡವೋ ಎಂಬ ತಕರಾರು ಇಲ್ಲಿನ ಕಂಟೋನ್ಮೆಂಟ್ ಭಾಗವಾದ ನಮ್ಮ ಕ್ಯಾಂಪಿನ ಕನ್ನಡಿಗರ ಕೂಟದಲ್ಲಿ ವರ್ಷಗಳಿಂದ ನಡೆದಿದೆ. ನಡುನಡುವೆ ತಣ್ಣಗಾಗುತ್ತದೆ, ಮತ್ತೆ ಯಾರಾದರೂ ಊದುತ್ತಾರೆ. 2025ರ ಮಾರ್ಚಿನಲ್ಲಿ ಊದಿದ್ದು ಲಂಡನ್ನಿನ 'ದಿ ಫ್ಯಾಂಟಮ್ ಆಫ್ ದಿ ಆಪರಾ'. ಮುಂಬೈಯ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರಕ್ಕೆ ಅದು ಬಂತು, ಎರಡು ಸಾವಿರ ಆಸನಗಳ ಅಲ್ಲಿನ ದೊಡ್ಡ ರಂಗಮಂದಿರದಲ್ಲಿ ಆಡಿತು, ಗಂಟುಮೂಟೆ ಕಟ್ಟಿತು. ಪುಣೆಯ ಹೆಸರನ್ನೂ ಎತ್ತಲಿಲ್ಲ.

ನಮ್ಮ ಓಣಿಯ ಪಾರ್ಸಿ ನೆರೆಯವರಿಗೆ ಇದು ದೊಡ್ಡ ಅವಮಾನ. ಡೆಕ್ಕನ್ ಕ್ವೀನ್ ಸಂಜೆ ಐದು ದಾಟಿದ ಕೂಡಲೇ ಮುಂಬೈ ಬಿಡುತ್ತದೆ. ರಾತ್ರಿಯ ಆಟಕ್ಕೆ ತೆರೆ ಏಳುವ ಹೊತ್ತಿಗೆ ಅದು ಘಟ್ಟ ಹತ್ತಿರುತ್ತದೆ. ಆಟ ನೋಡಬೇಕೆಂದರೆ ಮುಂಬೈಯಲ್ಲೇ ರೂಮು ಹಿಡಿಯಬೇಕು, ಮುಂಬೈ ರೂಮಿನ ಬಾಡಿಗೆ ಕೇಳಿದರೆ ಯಾವ ಸಂಗೀತವೂ ಕಿವಿಗೆ ಹಿತವಾಗುವುದಿಲ್ಲ. ಅವರ ಗೊಣಗಾಟ ಕೇಳಿಸಿಕೊಂಡು ನಾನು ಎಂದಿನ ಹೋಟೆಲಿಗೆ ಹೋದರೆ, ಅಲ್ಲಿ ನಮ್ಮವರು ಅದೇ ಗೊಣಗಾಟವನ್ನು ಕನ್ನಡದಲ್ಲಿ ನಡೆಸಿದ್ದರು. ಊರು ಮುಂಬೈ ಬದಲು ಬೆಂಗಳೂರು, ನಾಟಕ ಫ್ಯಾಂಟಮ್ ಬದಲು ಮದುಮಗಳು. ಅಷ್ಟೇ ವ್ಯತ್ಯಾಸ.

ನಾನು ಕ್ಯಾಂಪಿನ ಫೈನಾನ್ಸ್ ರೋಡಿನ ರಕ್ಷಣಾ ಲೆಕ್ಕಪತ್ರ ಕಚೇರಿಯಲ್ಲಿ ನೌಕರಿ ಮುಗಿಸಿದವನು. ಹುಟ್ಟಿದ್ದು ಗದಗ. ಸೈನ್ಯದ ತುಕಡಿಯೊಂದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಎಷ್ಟು ಲಾರಿ, ಎಷ್ಟು ಭತ್ಯೆ ಎಂದು ಬಿಲ್ಲು ತಿದ್ದುತ್ತ ಬಂದ ಜೀವ. ಆದ್ದರಿಂದ ನಾಟಕ 'ಬರಲಿ' ಎಂದು ಯಾರಾದರೂ ಹೇಳಿದ ಕೂಡಲೇ ನನ್ನ ತಲೆಯಲ್ಲಿ ಲಾರಿಗಳು ಓಡಲು ಶುರುವಾಗುತ್ತವೆ.

ಮೊದಲು ನಾಟಕದ ವಿಷಯ. ಕುವೆಂಪು ಅವರ ಕಾದಂಬರಿ ಬಂದದ್ದು 1967ರಲ್ಲಿ. ಅದನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿ ಹಾಡು ಕಟ್ಟಿದರು, ಹಂಸಲೇಖ ಸಂಗೀತ ಕೊಟ್ಟರು, ಸಿ. ಬಸವಲಿಂಗಯ್ಯ ಆಡಿಸಿದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಹುಟ್ಟಿದ ನಾಟಕ 2013ರಲ್ಲಿ ಬೆಂಗಳೂರು ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಬಂತು. ಒಂಬತ್ತು ತಾಸಿನ ಆಟ, ರಾತ್ರಿ ಊಟದ ಹೊತ್ತಿಗೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತದೆ. ನಾಲ್ಕು ಬಯಲು ರಂಗಗಳು. ಒಂದು ಕಡೆ ಒಂದು ಭಾಗ ಮುಗಿದರೆ ನೋಡುವವರು ಎದ್ದು ಇನ್ನೊಂದು ಕಡೆಗೆ ನಡೆಯಬೇಕು.

ಈ ನಡೆಯುವುದು ಅಂದರೆ ಏನೆಂದು ಕಂಡವರಿಗಷ್ಟೇ ಗೊತ್ತು. 2020ರ ಆರಂಭದಲ್ಲಿ, ಕೊರೊನಾ ಇನ್ನೂ ಪೇಪರಿನ ಒಳಪುಟದ ಸುದ್ದಿಯಾಗಿದ್ದಾಗ, ನಾನು ಹೆಂಡತಿಯ ಜೊತೆ ಹೋಗಿದ್ದೆ. ನಡುರಾತ್ರಿ ದಾಟಿದ ಮೇಲೆ ಒಂದು ರಂಗದ ದೀಪ ಆರಿತು. ನೂರಾರು ಜನ ಒಟ್ಟಿಗೆ ಎದ್ದರು. ಹೆಗಲ ಮೇಲೆ ಶಾಲು, ಕಂಕುಳಲ್ಲಿ ಚಾಪೆ, ಒಂದು ಕೈಯಲ್ಲಿ ನಿದ್ದೆಗಣ್ಣಿನ ಮಗು, ಇನ್ನೊಂದು ಕೈಯಲ್ಲಿ ಚಹಾದ ಕಪ್ಪು. ಮಣ್ಣಿನ ದಾರಿ, ಮರಗಳ ಕತ್ತಲೆ. ಯಾರೋ ಮುದುಕರು ಎಡವಿದರು, ಹಿಂದಿದ್ದ ಕಾಲೇಜು ಹುಡುಗ 'ಮೆಲ್ಲಗೆ ಅಜ್ಜ' ಎಂದು ತೋಳು ಹಿಡಿದ. ಹಾಗೆ ತಡವರಿಸುತ್ತ ಹೋಗುವಾಗ ಕಾದಂಬರಿಯ ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಇದೇ ದಾರಿಯಲ್ಲಿ ಈಗಷ್ಟೇ ಮುಂದೆ ಹೋದರೇನೋ ಅನ್ನಿಸಿತು. ಕಾದಂಬರಿ ಓದಿದವರಿಗೆ ಗೊತ್ತು, ಅದರಲ್ಲಿ ಸುಮ್ಮನೆ ಕೂತವರು ಕಡಿಮೆ. ಎಲ್ಲರೂ ಕಾಡು ದಾಟುತ್ತಿರುತ್ತಾರೆ, ಗುಡ್ಡ ಹತ್ತುತ್ತಿರುತ್ತಾರೆ, ಓಡಿಹೋಗುತ್ತಿರುತ್ತಾರೆ. ನಾಟಕ ನಮ್ಮನ್ನೂ ನಡೆಸುವುದು ಚಮತ್ಕಾರಕ್ಕಲ್ಲ. ನಡಿಗೆ ತೆಗೆದರೆ ಆ ಕಥೆಯ ಕಾಲೇ ಹೋಗುತ್ತದೆ.

ಈಗ ತಕರಾರಿಗೆ ಬರೋಣ.

ಕಲಬುರಗಿಯ ನನ್ನ ಹಳೆಯ ಸಹೋದ್ಯೋಗಿಯದು ಎಲ್ಲರಿಗಿಂತ ದೊಡ್ಡ ದನಿ. 'ಅಲ್ರೀ, ಸರ್ಕಾರದ ರೊಕ್ಕದಾಗ ಮಾಡಿದ ನಾಟಕ ಬೆಂಗಳೂರು, ಮೈಸೂರಿನವರಿಗಷ್ಟೇ ಯಾಕ? ನಮ್ಮ ಮಂದಿ ತೆರಿಗಿ ಕಟ್ಟಂಗಿಲ್ಲೇನು?' ಎಂದು ಮೇಜು ಗುದ್ದುತ್ತಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಸರ್ಕಾರವೇ ಕಟ್ಟಿದ ಸಂಸ್ಥೆ. ಕಲಬುರಗಿಯ ರೈತ ಕೊಂಡ ಬೆಂಕಿಪೊಟ್ಟಣದ ತೆರಿಗೆಯೂ ಅದಕ್ಕೆ ಸೇರಿದೆ. ಪುಣೆಯಲ್ಲಿ ಕೂತು ಮಹಾರಾಷ್ಟ್ರಕ್ಕೆ ತೆರಿಗೆ ಕಟ್ಟುವ ನಾನು ಆ ಹಕ್ಕು ಚಲಾಯಿಸುವ ಹಾಗಿಲ್ಲ, ಆದರೆ ಅವರ ಅಣ್ಣತಮ್ಮಂದಿರು ಚಲಾಯಿಸಬಹುದು.

ಖರಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ತೀರ್ಥಹಳ್ಳಿಯ ಹುಡುಗಿಯ ವಾದ ಬೇರೆ. 'ಅಂಕಲ್, ಒಂಬತ್ತು ಗಂಟೆ ಬೇಡ, ಮೂರು ಗಂಟೆ ಮಾಡಲಿ. ನಾಲ್ಕು ಸ್ಟೇಜ್ ಬೇಡ, ಒಂದೇ ಸ್ಟೇಜು. ಹಾಡುಗಳಂತೂ ಇದ್ದೇ ಇವೆಯಲ್ಲ?' ಅಂತಾಳೆ. ತನ್ನೂರಿನ ಕಥೆ ತನ್ನ ಮಗಳಿಗೆ ತೋರಿಸಬೇಕು ಅನ್ನುವ ಅವಳ ಆಸೆ ನನಗೆ ಅರ್ಥವಾಗುತ್ತದೆ. ಮಗಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಮರಾಠಿ ಆಡುವ ಮಗು. ಆದರೆ ಆ ಮೂರು ತಾಸಿನ ಮದುಮಗಳನ್ನು ನಾನು ಒಪ್ಪಲಾರೆ. ಯಾಕೆಂದರೆ ಮೊಟಕು ಮಾಡಿದ ರಾತ್ರಿಯಾಟ ಏನಾಗುತ್ತದೆ ಎಂದು ಪುಣೆಯಲ್ಲೇ ಕಂಡಿದ್ದೇನೆ.

ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ಮಳೆಗಾಲದಲ್ಲಿ ಮುಂಬೈ, ಪುಣೆ ಕಡೆ ಬರುವುದುಂಟು. ಇಲ್ಲಿ ಹಾಲ್ ಸಿಗುವುದು ಕಾಲಮಿತಿಗೆ. ಒಂದು ಸಲ ನಾನು ಪಕ್ಕದ ಕುರ್ಚಿಯಲ್ಲಿದ್ದೆ, ರಂಗದ ಬದಿ ಕಾಣುತ್ತಿತ್ತು. ಸ್ತ್ರೀವೇಷದ ಪದ್ಯಕ್ಕೆ ಭಾಗವತರು ಇನ್ನೇನು ಆಲಾಪ ಎತ್ತಬೇಕು, ಸಂಘಟಕರೊಬ್ಬರು ಬದಿಯಿಂದ ಕೈಗಡಿಯಾರ ತೋರಿಸಿದರು. ಭಾಗವತರು ತಲೆಯಾಡಿಸಿ ಆ ಪದ್ಯವನ್ನೇ ಬಿಟ್ಟರು. ನೇರ ಯುದ್ಧ. ಚೆಂಡೆಯವರು ಹೊಡೆದದ್ದೇ ಹೊಡೆದದ್ದು. ರಾಕ್ಷಸ ಬಂದು ಎರಡು ಸುತ್ತು ಗಿರಕಿ ಹೊಡೆಯುವಷ್ಟರಲ್ಲಿ ಸತ್ತ. ಬಾಗಿಲಲ್ಲಿ ಕಾವಲುಗಾರ ಕೀಲಿಗೊಂಚಲು ಹಿಡಿದು ನಿಂತಿದ್ದ, ಮಂಗಳ ಪದ್ಯ ಹಾಡುವಾಗಲೇ ಹಿಂದಿನ ಸಾಲಿನ ದೀಪ ಆರಿಸಿದ. ಕಲಾವಿದರಲ್ಲಿ ಕೊರತೆಯಿರಲಿಲ್ಲ, ಸಂಘಟಕರೂ ಪಾಪ, ಒಳ್ಳೆಯವರೇ. ಮನೆಗೆ ಬರುತ್ತ ನನ್ನ ಹೆಂಡತಿ, 'ಇದು ಯಕ್ಷಗಾನ ಅಲ್ರೀ, ಯಕ್ಷಗಾನದ ಪಟ್ಟಿ' ಎಂದಳು. ಮದುಮಗಳಿಗೂ ಇದೇ ಗತಿ ಆಗಬಾರದು.

ಬಯಲಲ್ಲೇ ಆಡಿಸೋಣ ಅನ್ನುವವರಿಗೆ ಕ್ಯಾಂಪಿನ ಪರಿಚಯ ಸಾಲದು. ಇಲ್ಲಿನ ಮೈದಾನಗಳಲ್ಲಿ ಹೆಚ್ಚಿನವು ಸೈನ್ಯದವು, ಇಲ್ಲವೇ ಕಂಟೋನ್ಮೆಂಟ್ ಬೋರ್ಡಿನ ಅಂಕೆಯಲ್ಲಿರುವಂಥವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡವೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಾಲ್ಕು ರಂಗ ಕಟ್ಟಲು ನಾಲ್ಕು ಅರ್ಜಿ ಹಾಕಿ, ಅವು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವುದನ್ನು ಕಾಯುವುದಿದೆಯಲ್ಲ, ಅದೇ ಒಂದು ಒಂಬತ್ತು ತಾಸಿನ ನಾಟಕ. ನಾನು ಆ ಟೇಬಲ್ಲುಗಳ ಈಚೆ ಬದಿಯಲ್ಲಿ ಕೂತವನು, ಹೇಳುವ ಅಧಿಕಾರವಿದೆ.

ಲಾರಿಯ ಲೆಕ್ಕವೂ ಹೀಗೆಯೇ. ಒಂದು ಊರಿನಲ್ಲಿ ನಾಲ್ಕು ರಂಗ ಕಟ್ಟಿ ನಲವತ್ತು ರಾತ್ರಿ ಆಡಿದರೆ ಆ ಖರ್ಚು ನಲವತ್ತಕ್ಕೆ ಹಂಚಿಹೋಗುತ್ತದೆ. ಅದನ್ನೇ ಎರಡು ರಾತ್ರಿಗೆಂದು ಕಟ್ಟಿ ಬಿಚ್ಚಿದರೆ ಒಂದೊಂದು ರಾತ್ರಿಯ ತಲೆಯ ಮೇಲೂ ಇಪ್ಪತ್ತು ಪಟ್ಟು ಹೊರೆ. ಎಪ್ಪತ್ತರ ಆಸುಪಾಸಿನ ನಟರಿಗೆ ಊಟ, ವಸತಿ, ರಾತ್ರಿಯಿಡೀ ಆಡಿದವರಿಗೆ ಮರುದಿನ ಪೂರಾ ನಿದ್ದೆ. ಅಂದರೆ ಆಟವಿಲ್ಲದ ದಿನಕ್ಕೂ ಭತ್ಯೆ. ಈ ಬಿಲ್ಲು ನನ್ನ ಮೇಜಿಗೆ ಬಂದಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ವಾಪಸು ಕಳಿಸುತ್ತಿದ್ದೆ.

'ಹಾಗಾದರೆ ಜಾಣತಾ ರಾಜಾ?' ಎಂದು ಕೇಳಿದವರು ಶೆಟ್ಟರು. ಕಾರ್ಕಳದ ಕಡೆಯವರು, ಕೂಟ ಸೇರುವುದು ಅವರ ಹೋಟೆಲಿನಲ್ಲೇ. ಒಳ್ಳೆಯ ಪ್ರಶ್ನೆ. ಪುಣೆಯ ಬಾಬಾಸಾಹೇಬ್ ಪುರಂದರೆಯವರ ಆ ಶಿವಾಜಿ ನಾಟಕ 1985ರಿಂದ ಆನೆ, ಕುದುರೆ, ಒಂಟೆ ಸಮೇತ ಊರೂರು ಸುತ್ತಿದೆ, ಸಾವಿರಕ್ಕೂ ಹೆಚ್ಚು ಆಟ ಕಂಡಿದೆ. ಆನೆ ಬರುವುದಾದರೆ ಮದುಮಗಳು ಯಾಕೆ ಬರಬಾರದು? ಯಾಕೆಂದರೆ ಜಾಣತಾ ರಾಜಾದ ಮಾತು, ಹಾಡು ಮೊದಲೇ ಧ್ವನಿಮುದ್ರಿಸಿಟ್ಟದ್ದು. ಆಯಾ ಊರಿನ ಜನರಿಗೇ ವೇಷ ತೊಡಿಸಿ ಗುಂಪಿಗೆ ಸೇರಿಸಿಕೊಳ್ಳಬಹುದು. ರಂಗ ಎಷ್ಟೇ ಎತ್ತರವಿದ್ದರೂ ಒಂದೇ ಕಡೆ, ಜನ ಎದುರಿಗೆ ಕೂತಿರುತ್ತಾರೆ. ಮೊದಲಿನಿಂದಲೂ ಪ್ರಯಾಣಕ್ಕೆಂದೇ ಕಟ್ಟಿದ ನಾಟಕ ಅದು.

ಪುಣೆಯದೇ ಇನ್ನೊಂದು ಉದಾಹರಣೆ ಇದಕ್ಕಿಂತ ಚೆಂದ. 1972ರ ಡಿಸೆಂಬರಿನಲ್ಲಿ ಇಲ್ಲಿನ ಭರತ ನಾಟ್ಯ ಮಂದಿರದಲ್ಲಿ ಮೊದಲು ಆಡಿದ ವಿಜಯ ತೆಂಡೂಲ್ಕರರ 'ಘಾಶಿರಾಮ್ ಕೋತ್ವಾಲ್'. ಜಬ್ಬಾರ್ ಪಟೇಲರ ನಿರ್ದೇಶನ, ಭಾಸ್ಕರ್ ಚಂದಾವರ್ಕರ್ ಸಂಗೀತ. ನಮ್ಮ 'ಒಂದಾನೊಂದು ಕಾಲದಲ್ಲಿ' ಸಿನಿಮಾಕ್ಕೂ ಅವರದೇ ಸಂಗೀತ ಎಂಬುದನ್ನು ನಾನು ಮರಾಠಿ ಗೆಳೆಯರಿಗೆ ಬೇಕೆಂದೇ ನೆನಪಿಸುತ್ತಿರುತ್ತೇನೆ. ಅದರಲ್ಲಿ ರಂಗಸಜ್ಜಿಕೆ ಅಂದರೆ ಸಾಲಾಗಿ ನಿಂತು ಹಾಡಿ ಕುಣಿಯುವ ಬ್ರಾಹ್ಮಣರ ಗೋಡೆ. ಗೋಡೆ ತಿರುಗಿದರೆ ದೃಶ್ಯ ಬದಲು, ಗೋಡೆ ಬಿರಿದರೆ ಬಾಗಿಲು. ಹತ್ತೊಂಬತ್ತು ಆಟಕ್ಕೇ ನಾಟಕವನ್ನು ಅದನ್ನು ಆಡಿಸಿದ ಸಂಸ್ಥೆಯ ಹಿರಿಯರು ನಿಲ್ಲಿಸಿದಾಗ ತಂಡದ ಹುಡುಗರು ಹೊರಬಂದು 1973ರಲ್ಲಿ ಥಿಯೇಟರ್ ಅಕಾಡೆಮಿ ಕಟ್ಟಿದರು, 1980ರಲ್ಲಿ ಯೂರೋಪಿಗೆ ಹೋಗಿಬಂದರು. ತನ್ನ ಗೋಡೆಯನ್ನು ತಾನೇ ರೈಲು ಹತ್ತಿಸಿಕೊಂಡು ಹೋಗುವ ನಾಟಕಕ್ಕೆ ತಿರುಗಾಟದ ಭಯವಿಲ್ಲ.

ಕನ್ನಡದಲ್ಲೂ ಇಂಥವಕ್ಕೆ ಬರವಿಲ್ಲ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ನಡೆದಿದೆ. ಕೆ.ವಿ. ಸುಬ್ಬಣ್ಣನವರ ಬುದ್ಧಿ ನೋಡಿ, ನಾಟಕ ಆರಿಸುವಾಗಲೇ ಅದು ತಾಲ್ಲೂಕಿನ ಶಾಲೆಯ ಹಾಲಿನಲ್ಲೂ ನಿಲ್ಲಬೇಕು ಅನ್ನುವ ಲೆಕ್ಕ. ಸಾಣೇಹಳ್ಳಿಯ ಶಿವಸಂಚಾರದ್ದೂ ಅದೇ ಹಾದಿ. ಬೆನಕ ತಂಡ ಆಡುತ್ತ ಬಂದ 'ಸತ್ತವರ ನೆರಳು' ಕೂಡ ಅಷ್ಟೇ. ಜಡಭರತರ ನಾಟಕ, ಕಾರಂತರ ಸಂಗೀತ, ದಾಸರ ಪದ. ಹಾಡುವ ಗಂಟಲು ಇದ್ದರೆ ಮುಕ್ಕಾಲು ನಾಟಕ ಬಂದ ಹಾಗೆ.

ಇದಕ್ಕೆಲ್ಲ ಎದುರು ನಿಲ್ಲುವ ಗಟ್ಟಿ ಮಾತನ್ನು ಹೇಳಿದವರು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಡಂ ಒಬ್ಬರು. ಕಾಫಿ ಲೋಟ ಕೆಳಗಿಟ್ಟು ಅವರು ನನಗೆ ಸಾಂಗ್ಲಿಯ ಕಥೆ ಹೇಳಿದರು. ಕರಾವಳಿಯ ಕರ್ಕಿಯ ಕಡೆಯಿಂದ ಭಾಗವತರಾಟದ ಮೇಳ ಸಾಂಗ್ಲಿಗೆ ಬಂತು, ಅದನ್ನು ನೋಡಿ ಮೆಚ್ಚಿದ ಅಲ್ಲಿನ ದೊರೆ ಇಂಥದ್ದನ್ನು ಮರಾಠಿಯಲ್ಲಿ ಮಾಡು ಎಂದು ವಿಷ್ಣುದಾಸ ಭಾವೆಗೆ ಹೇಳಿದ, 1843ರಲ್ಲಿ 'ಸೀತಾ ಸ್ವಯಂವರ' ಆಯಿತು, ಮರಾಠಿ ರಂಗಭೂಮಿ ಶುರುವಾಯಿತು. 'ಆ ಮೇಳದವರೂ ನಿಮ್ಮ ಹಾಗೆ ಲಾರಿಯ ಲೆಕ್ಕ ಹಾಕಿ ಮನೆಯಲ್ಲಿ ಕೂತಿದ್ದರೆ?' ಎಂದು ಕೇಳಿದರು. ಸಾಲದ್ದಕ್ಕೆ, ಅದೇ 1843ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರ ಅಕ್ಟೋಬರ್ 31ರಂದು ಇದೇ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದ್ದನ್ನೂ ಎತ್ತಿದರು. ಸಂಗೀತ ನಾಟಕದ ಆ ಬೆಳೆಯ ಬೀಜ ಪುಣೆಯವರ ಕಾಲಿಗೆ ಅಂಟಿ ಮತ್ತೆ ಹುಬ್ಬಳ್ಳಿ, ಧಾರವಾಡ, ಗದಗಿಗೆ ಬಂದದ್ದು ಗದಗಿನವನಾದ ನನಗೇ ಗೊತ್ತಿಲ್ಲವೇ ಎಂದರು.

ಗೊತ್ತಿದೆ. ಆದರೆ ಆ ಕಾಲದ ಕಂಪನಿಗಳು ಇಂದಿನ ಅರ್ಥದಲ್ಲಿ ಪ್ರವಾಸ ಮಾಡಲಿಲ್ಲ. ಗುಬ್ಬಿ ಕಂಪನಿಯಾಗಲಿ ಗಂಧರ್ವ ನಾಟಕ ಮಂಡಳಿಯಾಗಲಿ ಒಂದು ಊರಿಗೆ ಬಂದರೆ ಬಿಡಾರ ಹೂಡುತ್ತಿದ್ದವು. ಕಂಪನಿಯದೇ ಅಡುಗೆಮನೆ, ಕಂಪನಿಯದೇ ದರ್ಜಿ, ವಾರಗಟ್ಟಲೆ ಮುಕ್ಕಾಂ. ಸುತ್ತಲಿನ ಹಳ್ಳಿಯವರು ಬಂಡಿ ಕಟ್ಟಿಕೊಂಡು ಬಂದು ನೋಡುತ್ತಿದ್ದರು. ಇವತ್ತು ಶನಿವಾರ ಬಂದು ಭಾನುವಾರ ಮಾಯವಾಗುವುದಕ್ಕೆ ನಾವು ಪ್ರವಾಸ ಅನ್ನುತ್ತೇವೆ. ಮದುಮಗಳು ಕಲಾಗ್ರಾಮದಲ್ಲಿ ತಳವೂರಿ ಆಡುವುದೇ ಆ ಹಳೆಯ ಕಂಪನಿಗಳ ಪದ್ಧತಿಗೆ ಹತ್ತಿರ. ನಾವು ಬಂಡಿ ಕಟ್ಟುವುದನ್ನು ಬಿಟ್ಟಿದ್ದೇವೆ, ಅಷ್ಟೇ.

ಜಗತ್ತಿನಲ್ಲಿ ಕದಲದ ಆಟಗಳು ಬೇಕಾದಷ್ಟಿವೆ. ಕಾಶಿಯ ಎದುರು ದಡದ ರಾಮನಗರದ ರಾಮಲೀಲಾ ಸುಮಾರು ಒಂದು ತಿಂಗಳು ನಡೆಯುತ್ತದೆ. ಮೈಕಿಲ್ಲ, ಒಂದು ಕಡೆ ಅಯೋಧ್ಯೆ, ಇನ್ನೊಂದು ಕಡೆ ಲಂಕೆ, ಜನ ದಿನವೂ ರಾಮನ ಹಿಂದೆ ನಡೆಯುತ್ತಾರೆ. ಜರ್ಮನಿಯ ಓಬರಾಮರ್ಗೌ ಹಳ್ಳಿಯವರು 1634ರಿಂದ ಕ್ರಿಸ್ತನ ಕಥೆ ಆಡುತ್ತಿದ್ದಾರೆ, ಅದೂ ಹತ್ತು ವರ್ಷಕ್ಕೊಮ್ಮೆ. 2020ರದ್ದು ಕೊರೊನಾದಿಂದ 2022ಕ್ಕೆ ಹೋಯಿತು. ಆದರೂ ಜನ ಅಲ್ಲಿಗೇ ಹೋದರು. ಅಷ್ಟು ದೂರ ಯಾಕೆ? ನಮ್ಮ ಕ್ಯಾಂಪಿಗೆ ಅಂಟಿಕೊಂಡ ನಾನಾ ಪೇಠ, ಭವಾನಿ ಪೇಠಗಳಲ್ಲಿ ಪ್ರತಿ ವರ್ಷ ತುಕಾರಾಮ, ಜ್ಞಾನೇಶ್ವರರ ಪಾಲಖಿಗಳು ತಂಗುತ್ತವೆ. ಲಕ್ಷಗಟ್ಟಲೆ ಜನ ಹಡಪ್ಸರದ ಕಡೆಯಿಂದ ಪಂಢರಪುರಕ್ಕೆ ನಡೆಯುತ್ತಾರೆ. ವಿಠ್ಠಲ ಪುಣೆಗೆ ಯಾಕೆ ಬರುವುದಿಲ್ಲ ಎಂದು ಯಾವ ವಾರಕರಿಯೂ ಕೇಳಿದ್ದನ್ನು ನಾನು ಕೇಳಿಲ್ಲ.

ವಾರಕರಿ ಕೇಳದಿರುವುದಕ್ಕೆ ಭಕ್ತಿಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಆಷಾಢ ಏಕಾದಶಿ ಯಾವತ್ತು ಎಂದು ಅವನಿಗೆ ಪಂಚಾಂಗ ಬಂದ ದಿನವೇ ಗೊತ್ತು. ಬಿತ್ತನೆ ಯಾವಾಗ ಮುಗಿಸಬೇಕು, ಎಮ್ಮೆಯನ್ನು ಯಾರ ಮನೆಯಲ್ಲಿ ಕಟ್ಟಬೇಕು, ಮುದುಕಿಯನ್ನು ಯಾರು ನೋಡಿಕೊಳ್ಳಬೇಕು, ಎಲ್ಲ ಅವನು ಮೊದಲೇ ಗೊತ್ತುಮಾಡಿಕೊಳ್ಳಬಲ್ಲ. ಕಟೀಲು ಮೇಳಕ್ಕೆ ಹರಕೆಯಾಟ ಬರೆಸಿದವರೂ ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುತ್ತಾರೆ, ಕೋಪಿಸಿಕೊಳ್ಳುವುದಿಲ್ಲ. ಸರದಿ ಬರುತ್ತದೆ ಅನ್ನುವುದು ಖಾತ್ರಿಯಿದೆ.

ಮದುಮಗಳ ವಿಷಯದಲ್ಲಿ ನನಗಿರುವ ದೂರು ಇದೊಂದೇ. ನಾಟಕ ಬಾರದಿರುವುದು ತಪ್ಪಲ್ಲ. ಮುಂದಿನ ಸಲ ಯಾವಾಗ ಆಡುತ್ತಾರೆ ಎಂದು ದೂರದಲ್ಲಿರುವವನಿಗೆ ಹೊತ್ತಿಗೆ ಸರಿಯಾಗಿ ತಿಳಿಯದಿರುವುದು ತಪ್ಪು. ಅನುದಾನ ಬಿಡುಗಡೆಯಾಗಬೇಕು, ಆದೇಶ ಹೊರಡಬೇಕು, ನಟರನ್ನು ಮತ್ತೆ ಕಲೆಹಾಕಬೇಕು. ಇದೆಲ್ಲ ಆಗುವ ಬಗೆ ಸರ್ಕಾರಿ ನೌಕರನಾಗಿದ್ದ ನನಗೆ ಹೊಸದಲ್ಲ. ಆದರೆ ಬೆಂಗಳೂರಿನವನು ಬೆಳಿಗ್ಗೆ ಪೇಪರಿನಲ್ಲಿ ನೋಡಿ ಸಂಜೆ ಕಲಾಗ್ರಾಮಕ್ಕೆ ಬಸ್ ಹತ್ತಬಹುದು. ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವನು ಬೆಂಗಳೂರು ಮುಟ್ಟುವುದು ಮರುದಿನ ಬೆಳಿಗ್ಗೆ. ರೈಲ್ವೆಯವರು 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿಸಿದ್ದಾರೆ, ಮೊದಲು 120 ಇತ್ತು. ಬಾಗಿಲು ತೆರೆದ ದಿನವೇ ಸೀಟು ಹಿಡಿಯದಿದ್ದರೆ ವೇಟಿಂಗ್ ಲಿಸ್ಟೇ ಗತಿ. ಹಾಗಾಗಿ ನನ್ನ ಬೇಡಿಕೆಯನ್ನು ದಿನಗಳ ಲೆಕ್ಕದಲ್ಲೇ ಹೇಳುತ್ತೇನೆ. ಮೊದಲ ಆಟಕ್ಕೆ ತೊಂಬತ್ತು ದಿನ ಮುಂಚೆ ತಾರೀಖುಪಟ್ಟಿ ಹೊರಬರಲಿ. ಪ್ರತಿ ವರ್ಷ ಆಗದಿದ್ದರೆ ಎರಡು ವರ್ಷಕ್ಕೊಮ್ಮೆ ಆಗಲಿ, ಆದರೆ ಅದೇ ತಿಂಗಳಲ್ಲಿ ಆಗಲಿ. ಪ್ರತಿ ಶನಿವಾರದ ಆಟದಲ್ಲಿ ಒಂದಿಷ್ಟು ಟಿಕೆಟ್ ಹೊರಊರಿನವರಿಗೆಂದು ತೆಗೆದಿಡಲಿ. ಕಲಬುರಗಿ, ಬೀದರ, ವಿಜಯಪುರದಿಂದ ಒಂದೊಂದು ಸರ್ಕಾರಿ ಬಸ್ಸು ಬಿಟ್ಟರೂ ನಾಲ್ಕು ರಂಗ ಹೊತ್ತು ತಿರುಗುವ ಲಾರಿಗಳಿಗಿಂತ ಅಗ್ಗ. ನನ್ನ ಕಲಬುರಗಿಯ ಗೆಳೆಯರ ತೆರಿಗೆಯ ಸಿಟ್ಟಿಗೂ ಅದೇ ಉತ್ತರ.

ಚಿತ್ರೀಕರಿಸಿ ತೋರಿಸಿ ಅನ್ನುವವರೂ ಇದ್ದಾರೆ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಿಂದ ತನ್ನ ನಾಟಕಗಳನ್ನು ಚಿತ್ರಮಂದಿರಗಳಿಗೆ ಕಳಿಸುತ್ತಿದೆ, 'ಹ್ಯಾಮಿಲ್ಟನ್' 2020ರಲ್ಲಿ ಮನೆಮನೆಯ ಟಿವಿಗೆ ಬಂತು. ದಾಖಲೆಗೆ ಮಾಡಲಿ, ಬೇಡವೆನ್ನುವುದಿಲ್ಲ. ತೀರ್ಥಹಳ್ಳಿಯ ಹುಡುಗಿಗೆ ನಾನು ಹೇಳಿದ್ದು ಬೇರೆ: ಮಗಳಿಗೆ ಈ ಮಳೆಗಾಲದಲ್ಲಿ ಕಾದಂಬರಿಯ ಹುಲಿಯನ ಭಾಗಗಳನ್ನು ಓದಿಹೇಳು, ಆಮೇಲೆ ಕರೆದುಕೊಂಡು ಹೋಗು, ಅಲ್ಲಿ ನಡುರಾತ್ರಿ ಅವಳು ನಿದ್ದೆ ಹೋದರೂ ಪರವಾಗಿಲ್ಲ. 'ನಿದ್ದೆ ಹೋದ್ರೆ ಎತ್ತಿಕೊಂಡು ನಾಲ್ಕು ಸ್ಟೇಜ್ ಸುತ್ತೋರು ಯಾರು ಅಂಕಲ್?' ಎಂದಳು. ಅದಕ್ಕೆ ಗಂಡಂದಿರು ಇದ್ದಾರೆ.

ಶೆಟ್ಟರು ಈಗ ವರಸೆ ಬದಲಿಸಿದ್ದಾರೆ. 'ತಾರೀಖು ಸಿಗಲಿ ಮಾರಾಯ್ರೆ, ಒಂದು ಬಸ್ಸಿನ ಖರ್ಚು ನಾನು ನೋಡಿಕೊಳ್ತೇನೆ' ಎಂದು ಹತ್ತು ಜನರ ಎದುರು ಹೇಳಿದ್ದಾರೆ, ನಾನು ಬರೆದಿಟ್ಟುಕೊಂಡಿದ್ದೇನೆ. ಇಲಾಖೆಯವರು ಇದನ್ನು ಓದುವುದಾದರೆ ತಿಂಗಳ ವಿಷಯದಲ್ಲಿ ಒಂದೇ ವಿನಂತಿ. ಸಂಕ್ರಾಂತಿ ಕಳೆದ ಮೇಲಿನ ಎರಡು ವಾರ ನಮಗೆಲ್ಲ ಅನುಕೂಲ, ಚಳಿಯೂ ಅಷ್ಟಿರುವುದಿಲ್ಲ, ಮಕ್ಕಳ ಪರೀಕ್ಷೆಗೂ ದಿನವಿರುತ್ತದೆ. ಫೆಬ್ರುವರಿಯಾದರೂ ನಡೆದೀತು. ಮಾರ್ಚ್ ಮಾತ್ರ ಬೇಡ. ಫೈನಾನ್ಸ್ ರೋಡಿನಲ್ಲಿ ಈಗಲೂ ದುಡಿಯುತ್ತಿರುವ ನಮ್ಮ ಕನ್ನಡಿಗರಿಗೆ ಆ ತಿಂಗಳು ಸ್ವತಃ ಕುವೆಂಪು ಬಂದು ಕರೆದರೂ ರಜೆ ಸಿಗುವುದಿಲ್ಲ.